ಹಳೇ ಚೀಟಿಗಳ ಚೀಲ

ಬಡ್ತಿ ಸಿಕ್ಕವರು ಮಂಡಕ್ಕಿ ಮಿರ್ಚಿ ಹಂಚುವುದು ನಮ್ಮ ಹರಿಹರದ ಕಾರ್ಖಾನೆಯ ವಾಡಿಕೆ. ತೊಂಬತ್ತೆಂಟರಲ್ಲಿ ಸೂಪರ್‌ವೈಸರ್ ಆದ ಶಾಮನೂರಿನ ಉಜ್ಜನಪ್ಪನೂ ಹಂಚಿದ. ಟೈಮ್ ಆಫೀಸಿನಲ್ಲಿದ್ದ ನಾನು ಎರಡು ಮಿರ್ಚಿ ತಿಂದ ಮೇಲೆ ಹೊಳೆಯಿತು: ಅವನ ಹೊಸ ಸಂಬಳ ಆರೂವರೆ ಸಾವಿರ ದಾಟುತ್ತದೆ, ದಾಟಿದವರಿಗೆ ಇಎಸ್‌ಐನ ಉಚಿತ ಚಿಕಿತ್ಸೆ ಇಲ್ಲ. ಅವನ ಏಳು ವರ್ಷದ ಮಗಳು ತನುಶ್ರೀಗೆ ಹೃದಯದಲ್ಲಿ ರಂಧ್ರ. ಆಪರೇಷನ್‌ಗೆಂದು ಇಎಸ್‌ಐ ಕಾಗದಗಳು ಆಗಷ್ಟೇ ಓಡಾಡತೊಡಗಿದ್ದವು. ವಿಷಯ ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ.

ಅವನ ಅಕ್ಕನ ಮಗ ಕೊಟ್ರೇಶ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ವಿಮಾ ಏಜೆಂಟ್. ಅವನು ಧೈರ್ಯ ತುಂಬಿದ.

"ಮೆಡಿಕ್ಲೇಮ್ ಮಾಡ್ಸಾಣ ಬಿಡು ಮಾವ. ಕಾಯಿಲೆ ಕಾಲಂನಾಗೆ ಇಲ್ಲ ಅಂತ ಬರಿ. ವಿಮಾ ಕಂಪನಿ ಡಾಕ್ಟ್ರು ನನಗೆ ಪರಿಚಯ, ಸುಮ್ನೆ ನೋಡಿ ಕಳಿಸ್ತಾರೆ."

ಉಜ್ಜನಪ್ಪ ಬರೆದ. ಮಗಳಿಗಾಗಿ ನಾನೂ ಬರೆಯುತ್ತಿದ್ದೆ. ಆದರೆ ಸುಳ್ಳು ಬರೆದದ್ದನ್ನು ತಾಯಿ ಕಸ್ತೂರಮ್ಮನಿಗೆ ಹೇಳಲು ನಾಚಿದ, ಅಲ್ಲೇ ಕೆಟ್ಟಿತು.

ತಪಾಸಣೆಯ ದಿನ ಅವನಿಗೆ ಶಿಫ್ಟು. ಹೆಂಡತಿ ಹೆರಿಗೆಗೆ ಲೋಕಿಕೆರೆಯ ತವರಿನಲ್ಲಿದ್ದಳು. ಮೊಮ್ಮಗಳನ್ನು ಕಸ್ತೂರಮ್ಮನೇ ಕರೆದೊಯ್ದಳು, ಜೊತೆಗೆ ಚೀಲವನ್ನೂ. ಏಳು ವರ್ಷದ ಚೀಟಿ, ಎಕ್ಸ್‌ರೇ, ಇಸಿಜಿ ಎಲ್ಲ ತುಂಬಿದ ಬಟ್ಟೆಯಂಗಡಿಯ ಚೀಲ ಅದು. ಹಳೇ ಚೀಟಿ ಎಲ್ಲಿ ಎಂದು ಅವಳನ್ನು ಗದರದ ಡಾಕ್ಟರೇ ಊರಲ್ಲಿರಲಿಲ್ಲ. ಹಾಗಾಗಿ ಈ ಸಲ ಕೇಳುವ ಮೊದಲೇ ಎಲ್ಲವನ್ನೂ ಮೇಜಿನ ಮೇಲೆ ಹರವಿದಳು. ಪರಿಚಯದವರಾದರೇನು, ಡಾಕ್ಟರು ಕೊಟ್ರೇಶನನ್ನು ಕರೆಸಿ ಫಾರ್ಮು ತಿದ್ದಿಸಿದರು.

ಮೂರು ವಾರಕ್ಕೆ ಪತ್ರ ಬಂತು. ಹುಡುಗಿಯ ಕೈಕಾಲು, ಕಣ್ಣು, ಕಿವಿ ಎಲ್ಲಕ್ಕೂ ವಿಮೆ ಕೊಡುತ್ತಾರಂತೆ, ಹೃದಯವೊಂದನ್ನು ಬಿಟ್ಟು. ಓದಿ ನನಗೆ ಮೈ ಉರಿಯಿತು. ಉಜ್ಜನಪ್ಪನಿಗೆ ಸಿಟ್ಟಾಗುವಷ್ಟು ತ್ರಾಣವೂ ಉಳಿದಿರಲಿಲ್ಲ. ಕೊಟ್ರೇಶ ಮಾತ್ರ ತಡೆಯಲಾರದೆ, "ಅಜ್ಜಿ, ನೀನು ಬಾಯಿ ಮುಚ್ಕಂಡಿದ್ರೆ ಸಾಕಿತ್ತು" ಎಂದುಬಿಟ್ಟ. ಆ ದಿನ ಕಸ್ತೂರಮ್ಮ ಊಟ ಮಾಡಲಿಲ್ಲವಂತೆ.

ಮರುದಿನ ಉಜ್ಜನಪ್ಪ ನನ್ನ ಮೇಜಿನ ಮುಂದೆ ನಿಂತ.

"ಒಂದು ಅರ್ಜಿ ಟೈಪ್ ಮಾಡಿಕೊಡ್ರಿ ಸಾರ್. ನಂಗೆ ಬಡ್ತಿ ಬ್ಯಾಡ ಅಂತ."

ಹದಿನಾರು ವರ್ಷ ದುಡಿದು ಪಡೆದದ್ದು. ಟೈಪ್ ಮಾಡಿ ನಾನೇ ಒಯ್ದು ಕೊಟ್ಟೆ. ಮ್ಯಾನೇಜರರು ಮತ್ತೆ ಮತ್ತೆ ಓದಿ ಸಹಿ ಹಾಕಿದರು. ಅವನು ಹಳೆಯ ಸಂಬಳಕ್ಕೆ, ಹಳೆಯ ಲೇತ್ ಮುಂದೆ ಹೋಗಿ ನಿಂತ. ಮಿರ್ಚಿ ತಿಂದವರೇ ಹಿಂದಿನಿಂದ ನಕ್ಕರು. ನಾನು ಒಬ್ಬಿಬ್ಬರ ಮೇಲೆ ಜಗಳಕ್ಕೂ ಹೋದೆ.

ಆ ವಾರ ಇಎಸ್‌ಐ ದವಾಖಾನೆಗೆ ಅವನ ಮನೆಯವರ ಜೊತೆ ನಾನೂ ಹೋಗಿದ್ದೆ. ಹೊಸದಾಗಿ ಬಂದಿದ್ದ ಡಾಕ್ಟರು, ಮಗುವಿಗೆ ಏನು ತೊಂದರೆ, ಹಳೇ ಚೀಟಿ ಇವೆಯಾ ಎಂದು ಕೇಳಿದರು. ಕಸ್ತೂರಮ್ಮ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಏನೂ ಇಲ್ರಿ ಸಾಹೇಬ್ರೆ. ಹುಡುಗಿ ಗಟ್ಟಿ ಐತೆ. ಚೀಟಿನೂ ಇಲ್ರಿ."

ಉಜ್ಜನಪ್ಪ ಅವಳ ಪಕ್ಕ ಕೂತು ಮೆಲ್ಲಗೆ ಚೀಲದ ಹಿಡಿಗೆ ಕೈಹಾಕಿದ.

"ಅವ್ವ, ಇಲ್ಲಿ ಹೇಳಬೋದು."

ಅವಳು ಚೀಲ ಬಿಡಲಿಲ್ಲ. ಮಗನ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು.

"ನಿಜಾನೇನಪ್ಪ?" ಎಂದಳು.