ಬಾಳೆನಾರು ಕಟ್ಟಿದ ಬ್ರೇಕು

ಆ ದಿನಗಳಲ್ಲಿ ಕನಕಪುರ ರಸ್ತೆ ಖಾಲಿಯಿತ್ತು, ಎರಡೂ ಬದಿಗೆ ಮರಗಳಿದ್ದವು ಎಂದು ನಮ್ಮ ವಯಸ್ಸಿನವರೆಲ್ಲ ಬರೆಯುತ್ತಾರೆ. ಇದ್ದವು, ನಿಜ. ಆದರೆ ಆ ಮರಗಳ ವಿಷಯ ಹೇಳುತ್ತಲೇ ನಾನು ಇಷ್ಟು ವರ್ಷ ಬೇರೆಯದನ್ನು ಮರೆಸುತ್ತ ಬಂದಿದ್ದೇನೆ.

ಎಪ್ಪತ್ತರ ದಶಕದ ಕೊನೆ. ನನಗೆ ಹನ್ನೆರಡು. ನಮ್ಮ ಮನೆ ಜಯನಗರದಲ್ಲಿ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ರತ್ನಳದು ಸಾರಕ್ಕಿ ಹಳ್ಳಿಯಲ್ಲಿ. ಅವಳ ಅಪ್ಪ ಮುನಿಯಪ್ಪನವರು ಸೊಪ್ಪು ಬೆಳೆದು, ದಿನಾ ಬೆಳಗಿನ ಜಾವ ಸೈಕಲ್ಲಿನ ಹಿಂದೆ ಹೊರೆ ಕಟ್ಟಿ ಮಾರ್ಕೆಟ್ಟಿಗೆ ಒಯ್ಯುತ್ತಿದ್ದರು.

ಆ ಸೈಕಲ್ಲಿನಲ್ಲೇ ರತ್ನ ನನಗೆ ಕಲಿಸಿದ್ದು. ಸೈಟುಗಳಿಗೆ ಕಲ್ಲು ನೆಟ್ಟು, ಮನೆಗಳಿನ್ನೂ ಏಳದಿದ್ದ ಹೊಸ ಲೇಔಟಿನ ಬೀದಿಗಳಲ್ಲಿ, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ. ಗಂಡಸರ ಎತ್ತರದ ಸೈಕಲ್ಲು, ಸೀಟು ಎಟಕುವುದಿಲ್ಲ. ತ್ರಿಕೋನದ ಕಂಬಿಯೊಳಗೆ ಕಾಲು ತೂರಿಸಿ, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ ತುಳಿಯಬೇಕು. ಅದಕ್ಕೆ ಒಳಪೆಡಲ್ ಎನ್ನುತ್ತಿದ್ದೆವು.

"ಚಕ್ರ ಯಾಕೆ ನೋಡ್ತೀಯೇ? ಅದೇನು ನಿನ್ ಬಿಟ್ಟು ಓಡೋಗಲ್ಲ. ಮುಂದೆ ನೋಡು!" ಎಂದು ಕೂಗುತ್ತ ಅವಳು ಹಿಂದೆ ಓಡಿ ಬರುತ್ತಿದ್ದಳು.

ಮುಂದೆ ನೋಡುವುದನ್ನು ಕಲಿತ ಮೇಲೆ ಆ ಬೀದಿಗಳು ಸಪ್ಪೆಯಾದವು. ಎಲ್ಲೂ ತಿರುಗದೆ ನೆಟ್ಟಗೆ ಹೋಗುತ್ತಲೇ ಇರಬೇಕೆಂಬ ಆಸೆ ಹತ್ತಿತು. ಆದರೆ ಸೊಪ್ಪು ಇಳಿಸಿದ ಸೈಕಲ್ಲಿಗೆ ಸಂಜೆ ಹುಲ್ಲಿನ ಹೊರೆ ಕಾದಿರುತ್ತಿತ್ತು. ವರ್ಷದಲ್ಲಿ ಅದು ದಿನವಿಡೀ ಸುಮ್ಮನೆ ನಿಲ್ಲುತ್ತಿದ್ದುದು ಆಯುಧಪೂಜೆಯ ದಿನ ಮಾತ್ರ. ತೊಳೆದು, ವಿಭೂತಿ ಬಳಿದು, ಹ್ಯಾಂಡಲ್ಲಿಗೆ ಬಾಳೆಕಂದು ಕಟ್ಟಿ ಪೂಜೆ ಮಾಡಿದರೆ ಮಾರನೆಯ ಬೆಳಗಿನವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಎಷ್ಟೋ ವರ್ಷ ನಾನು ಹೇಳುತ್ತಿದ್ದ ಕತೆಯಲ್ಲಿ "ಬಾ ಹೋಗೋಣ" ಎಂದವಳು ರತ್ನ. ಸುಳ್ಳು. ಹಾಗೆಂದವಳು ನಾನು. ಅದು ಆಯುಧಪೂಜೆಯ ಮಧ್ಯಾಹ್ನ, ಅವಳ ಮನೆಯಂಗಳದಲ್ಲಿ.

"ಪೂಜೆ ಆಗಿರೋ ಗಾಡಿ ಕಣೇ. ಮುಟ್ಟಬಾರ್ದು."

"ನಿಮ್ಮಪ್ಪ ಮಲಗಿದಾರಲ್ಲ. ಕೋಣನಕುಂಟೆವರೆಗೂ ಹೋಗಿ ಬಂದ್ಬಿಡೋಣ. ಹೆದರ್ಕೊಂಡ್ಯಾ?"

ಹೆದರಿದೆಯಾ ಎಂದರೆ ರತ್ನ ಸುಮ್ಮನಿರುವವಳಲ್ಲ. ಊರು ದಾಟುವವರೆಗೆ ಇಬ್ಬರೂ ತಳ್ಳಿದೆವು. ಆಮೇಲೆ ಅವಳು ಸೈಕಲ್ಲನ್ನು ನನಗೆ ಕೊಟ್ಟು ಪಕ್ಕದಲ್ಲಿ ಓಡಿದಳು. ಇಳಿಜಾರು ಬಂತು. ಪೆಡಲು ಹಗುರವಾಯಿತು. ಹೊಲಗಳಿಂದ ರಾಗಿ ತೆನೆಯ ಹಸಿ ವಾಸನೆ, ಬಾಯಲ್ಲಿ ಕಡ್ಲೆಪುರಿಯ ಜೊತೆ ತಿಂದ ಬೆಲ್ಲದ ರುಚಿ, ಕಿವಿಯಲ್ಲಿ ಗಾಳಿ. ರಸ್ತೆ ನನ್ನನ್ನು ಎಳೆದುಕೊಂಡು ಹೋಯಿತು. "ನಿಲ್ಸೇ, ನಿಂಗೆ ಕೈಮುಗೀತೀನಿ!" ಎಂಬ ಕೂಗು ದೂರವಾಗುತ್ತ ಹೋಯಿತು. ಕೇಳಿಸಲಿಲ್ಲ ಎಂದು ಬರೆಯಬಹುದು. ಕೇಳಿಸಿತ್ತು.

ಕೋಣನಕುಂಟೆ ಹತ್ತಿರ ಒಂದು ಹಿಟ್ಟಿನ ಗಿರಣಿಯ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದಿದ್ದರು. ಚಕ್ರ ಅದರ ತಿರುಳಿನ ಮೇಲೆ ಹತ್ತಿ ಜಾರಿತು. ರತ್ನ ಏದುಸಿರು ಬಿಡುತ್ತ ಬಂದಾಗ ನನ್ನ ಮೊಣಕಾಲಿನಲ್ಲಿ ರಕ್ತ ಯಾವುದು, ಕುಂಕುಮ ಯಾವುದು ತಿಳಿಯುತ್ತಿರಲಿಲ್ಲ. ಅವಳು ನೋಡಿದ್ದು ಸೈಕಲ್ಲನ್ನು. ಮುಂದಿನ ಬ್ರೇಕಿನ ಕಂಬಿ ಕಳಚಿ ಜೋತಾಡುತ್ತಿತ್ತು.

"ಬಾಳೆನಾರಲ್ಲಿ ಕಟ್ಟು. ಗಟ್ಟಿ ಇರತ್ತೆ" ಎಂದೆ. ಹ್ಯಾಂಡಲ್ಲಿನ ಬಾಳೆಕಂದಿನಿಂದಲೇ ನಾರು ಸುಲಿದು ಬಿಗಿದಳು. ಹಸಿ ನಾರು, ಅಲ್ಲಾಡಿಸಿ ನೋಡಿದಾಗ ನಿಂತಿತು.

ಮಾರನೆಯ ಬೆಳಗ್ಗೆ ಮುನಿಯಪ್ಪನವರು ಚಕ್ರಕ್ಕೆ ನಿಂಬೆಹಣ್ಣಿಟ್ಟು ಹೊರಟರು. ಹಿಂದೆ ಸೊಪ್ಪಿನ ಹೊರೆ. ಬನಶಂಕರಿ ಗುಡಿ ಕಡೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದರು.

ಸಂಜೆ ನಾನು ಹೋದಾಗ ಅವರು ಬಲಗೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಗೋಡೆಗೊರಗಿ ಕೂತಿದ್ದರು. ರತ್ನಳ ಅವ್ವ ಒಣಗಿದ ನಾರಿನ ಚೂರನ್ನು ಅವಳ ಮುಖಕ್ಕೆ ಹಿಡಿದಿದ್ದರು.

"ಯಾರೇ ಕಟ್ಟಿದ್ದು ಇದ್ನ?"

ರತ್ನ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ನಾನೇ ಕಣವ್ವ."

"ಒಬ್ಳೇನಾ?"

"ಹ್ಞೂ. ಒಬ್ಳೇ."

ಪೊರಕೆಯ ಏಟು ಬಿದ್ದವು. ನಡುವೆ ಅವಳ ಅವ್ವ ನನ್ನತ್ತ ತಿರುಗಿದರು. "ನೀನಾದ್ರೂ ಬುದ್ಧಿ ಹೇಳ್ಬಾರ್ದೇನವ್ವ ಇವ್ಳಿಗೆ? ಓದೋ ಮಗು ನೀನು."

"ಹೇಳ್ತೀನಮ್ಮ" ಎಂದೆ.

ಆ ಕೈ ಸೊಟ್ಟಗೇ ಕೂಡಿಕೊಂಡಿತು. ರತ್ನ ಶಾಲೆಗೆ ಮತ್ತೆ ಬರಲಿಲ್ಲ. ಬೆಳಗಿನ ಟ್ಯೂಷನ್ನಿಗೆ ಹೋಗುವಾಗ ಒಮ್ಮೆ ಕಂಡಳು: ಹೊರೆಯ ಮುಂದೆ, ಅದೇ ಒಳಪೆಡಲ್ಲಿನಲ್ಲಿ, ಮೈ ವಾಲಿಸಿಕೊಂಡು, ಮಾರ್ಕೆಟ್ಟಿನ ಕಡೆಗೆ. ನಾನು ಅಂಗಡಿಯ ಮರೆಗೆ ಸರಿದೆ.

ಹೋದ ವರ್ಷ ರತ್ನ ತನ್ನ ಮನೆಗೆ ಕರೆದಳು. ಸೊಪ್ಪಿನ ಮಡಿಗಳಿದ್ದಲ್ಲಿ ಬಾಡಿಗೆ ಮನೆಗಳು ಎದ್ದಿವೆ. ತೆಳು ಟೈರಿನ ಹೊಸ ಸೈಕಲ್ ಒರೆಸುತ್ತಿದ್ದ ಮೊಮ್ಮಗಳಿಗೆ ರತ್ನ ಹೇಳುತ್ತಿದ್ದಳು: "ನಿನ್ ವಯಸ್ಸಲ್ಲಿ ನಾನು ಒಬ್ಳೇ ಕೋಣನಕುಂಟೆಗಂಟ ಹೋಗಿದ್ದೆ ಕಣೇ, ಒಳಪೆಡಲ್ನಲ್ಲಿ! ಇಳಿಜಾರಲ್ಲಿ ಗಾಳಿ ಏನು ಅಂತೀಯ! ಕಿವಿ ಎಲ್ಲಾ ಗಾಳಿ!"

ಮೊಮ್ಮಗಳು ನಂಬಲಿಲ್ಲ. "ಬಿಡಜ್ಜಿ, ಸುಮ್ನೆ ಬಿಲ್ಡಪ್ಪು."

"ಇವಳನ್ನೇ ಕೇಳು ಬೇಕಾದ್ರೆ" ಎಂದು ರತ್ನ ನನ್ನತ್ತ ನೋಡಿದಳು. ಆ ಕಣ್ಣಿನಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಅಂದು ಹೇಳಿದ ಸುಳ್ಳನ್ನು ಅವಳು ಹೇಳಿ ಹೇಳಿ ನಿಜ ಮಾಡಿಕೊಂಡಿದ್ದಳು. ಶಾಲೆ ಕಳೆದುಕೊಂಡವಳಿಗೆ ಉಳಿದದ್ದು ಅದೊಂದೇ ಸವಾರಿ. ಅದನ್ನು ಕಿತ್ತುಕೊಳ್ಳದೆ ಕ್ಷಮೆ ಕೇಳುವ ದಾರಿ ನನಗಿರಲಿಲ್ಲ.

"ಹೌದಮ್ಮ" ಎಂದೆ ಆ ಹುಡುಗಿಗೆ. "ನಿಮ್ಮಜ್ಜಿ ಒಬ್ಬಳೇ ಹೋಗಿದ್ದಳು. ನಾನು ಹೆದರಿ ಮನೆಯಲ್ಲೇ ಉಳಿದೆ."