ಶ್ರೀಪಾದ ಮಾಸ್ತರರ ಜಪಾನಿ ಕಾರ್ಡುಗಳು

ಶ್ರೀಪಾದ ಮಾಸ್ತರರ ತರಗತಿಯಲ್ಲಿ ಜಪಾನಿ ಕಾರ್ಟೂನಿನ ಕಾರ್ಡು ಹೊರಬಂತೆಂದರೆ ಮುಗಿಯಿತು, ಹದ್ದಿನ ಹಾಗೆ ಎರಗಿ ಕಸಿದುಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಆ ಕಾರ್ಡುಗಳಿಗೆ ಆಗುವ ಉಪಚಾರ ಅಳಿಯನಿಗೂ ಆಗಿರಲಿಕ್ಕಿಲ್ಲ. ಕೈ ತೊಳೆದು, ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಇಳಿಸಿ, ಹೊಳೆಯುವವು ಬೇರೆ, ಸಾದಾ ಬೇರೆ ಮಾಡಿ, ಮಕ್ಕಳ ಹೆಸರಿನ ಚೀಟಿ ಇಟ್ಟು, ಆಲ್ಬಮ್ಮಿನಲ್ಲಿ ಪುಟಕ್ಕೆ ಒಂಬತ್ತರಂತೆ ಜೋಡಿಸುತ್ತಾರೆ. “ಪಂಚಾಮೃತ ಅಭಿಷೇಕನೂ ಮಾಡ್ರಿ, ಅದೊಂದ್ಯಾಕ ಬಿಟ್ಟೀರಿ?” ಎಂದು ಹೆಂಡತಿ ಶುಭಾಬಾಯಿ ಕೆಣಕುತ್ತಾರೆ. ಪರೀಕ್ಷೆ ಮುಗಿದ ದಿನ ಹೆಸರು ಕೂಗಿ ಎಲ್ಲವನ್ನೂ ಮರಳಿಸುತ್ತಾರೆ. ಒಂದು ಮಾತ್ರ ಉಳಿದುಬಿಟ್ಟಿದೆ, ಬಂಗಾರದ ಅಂಚಿನದು. ಶಹಾಬಾದಿನಲ್ಲಿ ಐದನೇ ತರಗತಿಯಲ್ಲಿದ್ದ ಪೂನಮಳ ಕಾರ್ಡು ಅದು. “ಸರ, ನಂದು ಅದೊಂದೇ ಅದರಿ” ಎಂದು ಅವಳು ಅತ್ತಾಗ, “ಮಾರ್ಚಿಗೆ ಕೊಡ್ತೀನಿ, ಕುಂದ್ರವಾ” ಎಂದಿದ್ದರು. ಮಾರ್ಚಿಗೆ ಮೊದಲೇ ಅವಳ ಅಪ್ಪ ದುಡಿಯುತ್ತಿದ್ದ ಕಲ್ಲುಗಣಿ ಮುಚ್ಚಿಹೋಗಿ, ಅವನು ಮನೆಮಂದಿಯನ್ನು ಕರೆದುಕೊಂಡು ಊರು ಬಿಟ್ಟ. ಎಲ್ಲಿಗೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ವಾಡಿ, ಚಿತ್ತಾಪುರ, ಈಗ ಸೇಡಂ. ವರ್ಗವಾದಲ್ಲೆಲ್ಲ ಆ ಕಾರ್ಡು ಮಾಸ್ತರರ ಜೊತೆ ಬಂದಿದೆ. ಏಳು ವರ್ಷವಾಯಿತು, ಪೂನಮ್ ಈಗ ಕಾಲೇಜಿಗೆ ಹೋಗುವ ವಯಸ್ಸಿನವಳು. ಆದರೂ ಪ್ರತಿ ಜೂನಿನಲ್ಲಿ ಮಾಸ್ತರರು ಐದನೇ ತರಗತಿಯ ಹೊಸ ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಹುಡುಕುತ್ತಾರೆ.