ಕಾಕ್‌ಪಿಟ್‌ನ ಎರಡನೇ ಸೀಟು

ಕಾಕ್‌ಪಿಟ್ ಮಾರಿಬಿಡೋಣ ಎಂದು ನನ್ನ ಗಂಡ ತಾವಾಗಿಯೇ ಬಾಯಿಬಿಟ್ಟ ದಿನ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಹಬ್ಬ ಹುಣ್ಣಿಮೆ ಏನೂ ಇಲ್ಲದೆ ಶಾವಿಗೆ ಪಾಯಸ ಮಾಡಿದೆ. ಅವರು ಎರಡನೇ ಸಲ ಹಾಕಿಸಿಕೊಂಡು ಕುಡಿದರು. ಏನು ವಿಶೇಷ ಎಂದು ಕೇಳಲಿಲ್ಲ.

ನಾವು ಆಗ ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿ ಇದ್ದೆವು. ಅವರು ಮೊದಲು ವಾಯುಪಡೆಯಲ್ಲಿದ್ದವರು. ಪೈಲಟ್ ಅಲ್ಲ. ವಿಮಾನದೊಳಗಿನ ಮೀಟರುಗಳನ್ನು ಬಿಚ್ಚಿ, ಸರಿಮಾಡಿ, ಮತ್ತೆ ಕೂರಿಸುವ ಫಿಟ್ಟರ್. ಅಲ್ಲಿಂದ ನಿವೃತ್ತರಾಗಿ ಬಂದು ಕಾರ್ಖಾನೆ ಸೇರಿದರು. ನಾನು ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಸುತ್ತಮುತ್ತಲಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದೆ.

ಒಂದು ಭಾನುವಾರ ಗೇಟಿನ ಮುರಿದ ಕೀಲಿನ ಬದಲು ಇನ್ನೊಂದು ಹುಡುಕಲು ಓಲ್ಡ್ ಟೌನಿನ ಗುಜರಿ ಅಂಗಡಿಗೆ ಹೋದವರು ಕೀಲು ತರದೆ ವಾಪಸು ಬಂದರು. ಮುಖ ಕೆಂಪಾಗಿತ್ತು.

"ನಾನು ಕೆಲಸ ಮಾಡ್ತಿದ್ದ ವಿಮಾನ ಕಣೇ. ಅದೇ ಜಾತೀದು. ಹರಾಜಲ್ಲಿ ಬಂದಿದೆ. ಮುಂದಿನ ಭಾಗ ಹಾಗ್ ಹಾಗೇ ಇದೆ. ನಾಳೆ ಕುಯ್ದು ಹಾಕ್ತಾರಂತೆ."

ಮರುದಿನ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಅದು ನಮ್ಮ ಮನೆಗೆ ಬಂತು. ಹೊಸ ಪೈಲಟ್ಟುಗಳಿಗೆ ಹಾರಲು ಕಲಿಸುವ ವಾಯುಪಡೆಯ ತರಬೇತಿ ಜೆಟ್ಟಿನ ಮೂತಿ; ರೆಕ್ಕೆ ಇಲ್ಲ, ಬಾಲ ಇಲ್ಲ. ಒಳಗೆ ಅಕ್ಕಪಕ್ಕ ಎರಡು ಸೀಟು, ಒಂದು ಕಲಿಯುವವನಿಗೆ, ಇನ್ನೊಂದು ಕಲಿಸುವವನಿಗೆ. ಮೇಲೆ ಗಾಜಿನಂಥ ಮುಚ್ಚಳ. ಸ್ಕೂಟರ್ ನಿಲ್ಲಿಸುತ್ತಿದ್ದ ಶೆಡ್ಡಿನಲ್ಲಿ ಅದನ್ನು ಇಳಿಸಿದರು. ಸ್ಕೂಟರ್ ಆವತ್ತಿನಿಂದ ಮಳೆಯಲ್ಲಿ ನೆನೆಯಿತು.

ನನ್ನ ಸೀರೆ ಹೊಸದೋ ಹಳೆಯದೋ ಎಂದು ಗುರುತಿಸಲಾರದ ಮನುಷ್ಯ, ಆ ತಗಡಿನ ಒಂದೊಂದು ತಿರುಪಿನ ಬಣ್ಣವನ್ನೂ ಬಲ್ಲವರಾಗಿದ್ದರು. ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಶೆಡ್ಡಿಗೆ ಹೋದರೆ ಸಿಳ್ಳೆ. ಕಾಣೆಯಾಗಿದ್ದ ಮೀಟರುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತರಿಸಿ ಕೂರಿಸಿದರು. ತುಕ್ಕು ಉಜ್ಜಿದರು, ಬಣ್ಣ ಹಚ್ಚಿದರು. ಎಡಗಡೆಯ ಸೀಟಿನಲ್ಲಿ ಬೀದಿಯ ಮಕ್ಕಳನ್ನೆಲ್ಲ ಸರದಿಯಲ್ಲಿ ಕೂರಿಸಿ, ತಾವು ಬಲಗಡೆ ಕೂತು, ಯಾವ ಮುಳ್ಳು ಏನು ಹೇಳುತ್ತದೆ ಎಂದು ಕಲಿಸುತ್ತಿದ್ದರು. ಅವರೆಲ್ಲರ ನಗು ನನ್ನ ಮಷಿನ್ನಿನ ಸದ್ದನ್ನೂ ದಾಟಿ ಕೇಳಿಸುತ್ತಿತ್ತು. ಸೀಟಿನ ಮೆತ್ತೆಗಳಿಗೆ ಖಾಕಿ ಕ್ಯಾನ್ವಾಸಿನ ಕವರು ಹೊಲಿದುಕೊಟ್ಟವಳು ನಾನೇ. ಬಾಗಿಲಲ್ಲೇ ನಿಂತು ಕೊಟ್ಟು ಬಂದೆ. ಬಾ, ಕೂತು ನೋಡು ಎಂದು ಅವರು ಅನ್ನಲಿಲ್ಲ. ಕರೆಯದೆ ಹೋಗುವವಳು ನಾನಲ್ಲ.

ಪಕ್ಕದ ಮನೆಯ ತಮಿಳು ಹೆಂಗಸು ಹೂವು ಕೊಡಲು ಬಂದಾಗಲೆಲ್ಲ ಶೆಡ್ಡಿನ ಕಡೆ ಕಣ್ಣು ಮಿಟುಕಿಸಿ, "ಏನಕ್ಕಾ, ನಿಮ್ ಸವತಿ ಚೆನ್ನಾಗಿದಾಳಾ?" ಅನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ಅವಳು ಹೋದ ಮೇಲೆ ಹೂವು ಮುಡಿಯಲು ಮನಸ್ಸಾಗುತ್ತಿರಲಿಲ್ಲ.

ಈಗ ಕಾರ್ಖಾನೆಯ ಕೆಲಸವೂ ಮುಗಿದು ಕ್ವಾರ್ಟರ್ಸ್ ಬಿಡಬೇಕಾಗಿತ್ತು. ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಹತ್ತಿರ ಒಂದು ಫ್ಲ್ಯಾಟು ತೆಗೆದುಕೊಂಡಿದ್ದೆವು. ಕೆಳಗೆ ಒಂದು ಕಾರು ನಿಲ್ಲುವಷ್ಟು ಜಾಗ, ಅಷ್ಟೇ. ಹಾಗಾಗಿ ಮಾರುವ ಮಾತು ಬಂತು. ಫೋನಿನಲ್ಲಿ ಜಾಹೀರಾತು ಹಾಕುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಅವರ ಕೈಗೆ ಬಿಟ್ಟರೆ ವರ್ಷಗಟ್ಟಲೆ ಎಳೆಯುತ್ತಾರೆ ಎಂದು ನನಗೆ ಗೊತ್ತಿತ್ತು.

ಆದರೆ ಬರೆಯುವುದು ಏನನ್ನು? ನನಗೆ ಅದರ ಒಂದು ಗುಂಡಿಯ ಹೆಸರೂ ಗೊತ್ತಿರಲಿಲ್ಲ. ಕೇಳಿದೆ.

"ಹೊರಗೆ ನಿಂತ್ರೆ ಹೇಗೆ ಗೊತ್ತಾಗುತ್ತೆ ಮಾರಾಯ್ತಿ? ಹತ್ತು, ಕೂತ್ಕೋ" ಅಂದರು.

ಸೀರೆ ಎತ್ತಿ ಕಟ್ಟಿಕೊಂಡು, ಅವರ ಭುಜ ಹಿಡಿದು, ಎಡಗಡೆಯ ಸೀಟಿಗೆ ಇಳಿದೆ. ಆ ವಾರವೆಲ್ಲ ಸಂಜೆ ಕಾಫಿ ಆದ ಮೇಲೆ ನಾವಿಬ್ಬರೂ ಅಲ್ಲೇ. ಇದು ಎತ್ತರ ತೋರಿಸೋದು, ಇದು ವೇಗ, ಇದು ವಿಮಾನ ಎಷ್ಟು ವಾಲಿದೆ ಅನ್ನೋದು, ಇದು ವಿಮಾನ ತಿರುಗಿಸೋ ಸ್ಟಿಕ್, ಇದು ವೇಗ ಏರಿಸೋ ಥ್ರಾಟಲ್. ನಾನು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ, ಅವರು ಕಾಗುಣಿತ ತಿದ್ದುತ್ತಿದ್ದರು. ಒಮ್ಮೆ ಟಾರ್ಚು ಹಾಕಿ, ಮೀಟರ್ ಹಲಗೆಯ ಕೆಳ ಅಂಚನ್ನು ತೋರಿಸಿದರು. ಯಾರೋ ಚೂಪಾದ ಯಾವುದರಿಂದಲೋ ಸಾಲಾಗಿ ಸಣ್ಣ ಸಣ್ಣ ಗೆರೆ ಗೀಚಿದ್ದರು.

"ಕಲಿಯೋಕೆ ಬಂದ ಯಾವನೋ ಗೀಚಿರಬೇಕು. ಯಾಕೆ ಅಂತ ಗೊತ್ತಿಲ್ಲ. ಇದನ್ನ ಯಾರಿಗೂ ತೋರ್ಸಿಲ್ಲ ನಾನು" ಅಂದರು.

ನಾನು ಆ ಗೆರೆಗಳ ಮೇಲೆ ಬೆರಳಾಡಿಸಿದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನನಗೇ ಅಂತ ಅವರು ಎತ್ತಿಟ್ಟಿದ್ದ ಏನೋ ಒಂದು ಸಿಕ್ಕಿತು ಅನ್ನಿಸಿತು. ಜಾಹೀರಾತಿನಲ್ಲಿ ಅದನ್ನು ಬರೆಯಲಿಲ್ಲ.

ಜಾಹೀರಾತು ಹಾಕಿದ ಮೇಲೆ ಫೋನುಗಳು ಬಂದವು. ಒಬ್ಬ ರೆಸಾರ್ಟಿನವನಿಗೆ ಅದು ಈಜುಕೊಳದ ಪಕ್ಕ ಇಡಲು ಬೇಕಿತ್ತಂತೆ, ಜನ ಫೋಟೋ ತೆಗೆಸಿಕೊಳ್ಳಲು. ನನ್ನ ಗಂಡ ಫೋನು ಕಿತ್ತುಕೊಂಡು ಇಟ್ಟುಬಿಟ್ಟರು. ಇನ್ನೊಬ್ಬ ಗುಜರಿಯವನು ತೂಕ ಎಷ್ಟಾಗಬಹುದು ಎಂದ. ಅವನಿಗೆ ನಾನೇ ಬೈದೆ.

ಆಮೇಲೆ ಶಿವಮೊಗ್ಗದಿಂದ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು, ಕತ್ತರಿಸಿದ ಕೂದಲು, ನೆಟ್ಟಗಿನ ಬೆನ್ನು. ಅವರೂ ವಾಯುಪಡೆಯಲ್ಲಿದ್ದವರು, ಅದೂ ಪೈಲಟ್. ಸೇವೆ ಮುಗಿಸಿ ಊರಿಗೆ ಬಂದು ಸವಳಂಗ ರಸ್ತೆಯಲ್ಲಿ ಸೇನೆಗೆ ಸೇರಬಯಸುವ ಮಕ್ಕಳಿಗೆ ಕೋಚಿಂಗ್ ನಡೆಸುತ್ತಿದ್ದರು. ಮಕ್ಕಳಿಗೆ ತೋರಿಸಲು ಕಾಕ್‌ಪಿಟ್ ಬೇಕಿತ್ತು. ತಾವು ಹಾರಲು ಕಲಿತದ್ದು ಇದೇ ಜಾತಿಯ ವಿಮಾನದಲ್ಲಿ ಎಂದು ಗೇಟಿನಲ್ಲೇ ಹೇಳಿದರು.

ನನ್ನ ಗಂಡ ಚಪ್ಪಲಿ ಹಾಕಿಕೊಂಡು ಸರಸರ ಇಳಿದುಬಂದರು. ಮಂಡಿ ನೋವು ಎಂದು ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡಿದ್ದ ಮನುಷ್ಯ.

"ನಮಸ್ಕಾರ ಮೇಡಂ."

"ನಮಸ್ಕಾರ ಸರ್. ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ! ಅಕ್ಕಾ, ನಿಮಗೆ ತೊಂದ್ರೆ ಕೊಟ್ಟೆ."

ಅವರಿಗೆ ಸರ್, ನನಗೆ ಅಕ್ಕ. ನಾನು ಕಾಫಿಗೆ ಎಂದು ಒಳಗೆ ಹೋದೆ. ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಶೆಡ್ಡಿಗೆ ಬಂದು ನೋಡಿದರೆ ಇಬ್ಬರೂ ಒಳಗೆ ಕೂತಿದ್ದಾರೆ. ಆಕೆ ಎಡಗಡೆ, ನಾನು ಕೂರುತ್ತಿದ್ದ ಜಾಗದಲ್ಲಿ. ಮುಚ್ಚಳ ಎಳೆದು ಮುಚ್ಚಿಯೂ ಆಗಿದೆ. ನಾನಿದ್ದಾಗ ಸೆಕೆ ಅಂತ ಒಂದು ದಿನವೂ ಮುಚ್ಚಿರಲಿಲ್ಲ. ಗಾಜಿನೊಳಗೆ ಇಬ್ಬರ ಬಾಯಿ ಆಡುತ್ತಿದೆ, ಕೈ ಆಡುತ್ತಿದೆ, ಒಂದು ಮಾತೂ ಹೊರಗೆ ಕೇಳದು. ಆಕೆ ಕೈಯನ್ನು ವಿಮಾನದ ಹಾಗೆ ವಾಲಿಸಿ ಏನೋ ತೋರಿಸುತ್ತಿದ್ದರು. ನನ್ನ ಗಂಡ ಬಾಯಿ ತೆರೆದು ಕೇಳುತ್ತಿದ್ದರು. ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಆಮೇಲೆ ಅವರು ಬಗ್ಗಿ, ಜೇಬಿನಿಂದ ಟಾರ್ಚು ತೆಗೆದು, ಹಲಗೆಯ ಕೆಳಗೆ ಬೆಳಕು ಬಿಟ್ಟರು.

ತಟ್ಟೆಯನ್ನು ಎಡಗೈಗೆ ತೆಗೆದುಕೊಂಡೆ. ಬೆರಳ ಗೆಣ್ಣಿನಿಂದ ಗಾಜನ್ನು ಕುಟ್ಟಿದೆ. ಬೇಕಾದ್ದಕ್ಕಿಂತ ಜೋರಾಗಿಯೇ.

ಮುಚ್ಚಳ ತೆರೆದಾಗ ಇಬ್ಬರೂ ನಗುತ್ತಿದ್ದರು.

"ಆ ಗೆರೆ ಏನು ಅಂತ ಗೊತ್ತಾಯ್ತು ಕಣೇ! ಮೇಡಂ ಹೇಳಿದ್ರು. ಕಲ್ಸೋರು ಒಂದೊಂದ್ ಸಲ ಬೈದಾಗ್ಲೂ ಒಂದೊಂದು ಗೆರೆಯಂತೆ!"

"ನಾವೂ ಹೀಗೇ ಮಾಡ್ತಿದ್ವಿ ಅಕ್ಕಾ" ಅಂದರು ಆಕೆ. "ಅಂದ ಹಾಗೆ ಸರ್, ಯಾವತ್ತು ತಗೊಂಡು ಹೋಗ್ಲಿ?"

"ಇಲ್ಲ ಮೇಡಂ" ಅಂದೆ ನಾನು. "ಇದನ್ನ ಮಾರ್ತಾ ಇಲ್ಲ."

ಆಕೆ ನನ್ನ ಗಂಡನ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು. ಪರರ ಎದುರು ನನ್ನ ಮಾತು ತೆಗೆದುಹಾಕುವ ಜನ ಅವರಲ್ಲ. "ಸ್ವಲ್ಪ ಮಾತಾಡಿಕೊಂಡು ಫೋನ್ ಮಾಡ್ತೀವಿ ಮೇಡಂ" ಅಂದರು. ಆಕೆ ಕಾಫಿ ಕುಡಿದು, ಲೋಟವನ್ನು ತಾವೇ ಒಳಗೆ ತಂದಿಟ್ಟು, ಹೋದರು. ಅಷ್ಟು ಸಭ್ಯವಾಗಿ ನಡೆದುಕೊಂಡಿದ್ದಕ್ಕೂ ನನಗೆ ಕೋಪ ಬಂತು.

ಗೇಟು ಹಾಕಿ ಬಂದು ಅವರು ಕೇಳಿದರು: "ಏನಾಯ್ತು ನಿಂಗೆ? ಮಾರಿ ಮಾರಿ ಅಂತ ಕುಣೀತಿದ್ದೋಳು ನೀನೇ."

"ಯಾರಿಗೂ ತೋರ್ಸಿಲ್ಲ ಅಂದಿದ್ರಲ್ರೀ, ಆ ಗೆರೇನ?"

"ಆವತ್ತಿನವರೆಗೆ ತೋರ್ಸಿರ್ಲಿಲ್ಲ."

"ಮುಚ್ಚಳ ಹಾಕ್ಕೊಂಡು ಅಷ್ಟೊತ್ತು ಏನು ಮಾತು?"

ಅವರು ಶೆಡ್ಡಿನ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು.

"ನೆಲ ಬಿಡೋವಾಗ ಹೇಗಿರುತ್ತೆ ಮೇಡಂ ಅಂತ ಕೇಳ್ದೆ. ನಾನು ಒಂದು ಸಲಾನೂ ಇದ್ರಲ್ಲಿ ಹಾರಿಲ್ಲ. ನಾವು ಸರಿ ಮಾಡಿ ಕೊಡೋದು, ಅವ್ರು ಹಾರ್ಸ್ಕೊಂಡು ಬರೋದು. ರನ್‌ವೇ ಪಕ್ಕ ನಿಂತು ನೋಡಿ ನೋಡಿ ಸಾಕಾಗಿತ್ತು. ಇವತ್ತು ಆಯಮ್ಮ ಬಂದು ಕೂತ ತಕ್ಷಣ ಕೈಗಳು ತಾವಾಗೇ ಸ್ಟಿಕ್ ಮೇಲೆ, ಥ್ರಾಟಲ್ ಮೇಲೆ ಹೋದ್ವು ನೋಡು. ನಾನು ಇಷ್ಟು ವರ್ಷ ಒರೆಸಿ ಇಟ್ರೂ ನನ್ನ ಕೈ ಹಾಗೆ ಹೋಗೋದಿಲ್ಲ. ಹೊಟ್ಟೆ ಉರೀತು ಮಾರಾಯ್ತಿ, ನಿಜ ಹೇಳ್ತೀನಿ."

ನಾನು ಅವರ ಪಕ್ಕ ಕೂತೆ. ನನ್ನೊಬ್ಬಳದೇ ಎಂದು ಇಷ್ಟು ವರ್ಷ ಒಳಗೊಳಗೇ ಸಾಕಿದ್ದ ಉರಿ ಅವರಲ್ಲೂ ಇತ್ತು, ನನಗಿಂತ ಮುಂಚಿನಿಂದಲೂ ಇತ್ತು. ಅದರಿಂದ ನನ್ನದು ಆರಿತು ಎಂದಲ್ಲ. ಆದರೆ ಆಕೆಗೆ ಕೊಡದೆ ಈಜುಕೊಳದವನಿಗೆ ಕೊಡುವುದು ನನ್ನಿಂದಲೂ ಆಗದು ಎಂದು ಅಲ್ಲಿ ಕೂತಾಗಲೇ ಗೊತ್ತಾಯಿತು. ಸಂಜೆ ನಾನೇ ಫೋನ್ ಮಾಡಿ, ಬಂದು ತಗೊಂಡು ಹೋಗಿ ಎಂದೆ. ಆಕೆ ಕಾರಣ ಕೇಳಲಿಲ್ಲ. "ಒಂದೇ ಒಂದು ಕೇಳ್ಲಾ ಅಕ್ಕಾ? ಶನಿವಾರ ಶನಿವಾರ ಸರ್ ಬಂದು ಮಕ್ಕಳಿಗೆ ಸ್ವಲ್ಪ ಹೇಳ್ಕೊಟ್ರೆ ಚೆನ್ನಾಗಿತ್ತು" ಅಂದರು.

"ಬರ್ತಾರೆ" ಅಂದೆ. "ನಾನೂ ಬರ್ತೀನಿ."

ಕ್ರೇನು ಅದನ್ನು ಶೆಡ್ಡಿನಿಂದ ಎತ್ತಿ ಲಾರಿಗೆ ಇಟ್ಟ ದಿನ ಬೀದಿಯೇ ನೆರೆದಿತ್ತು. ನಾವು ಲಾರಿಯ ಹಿಂದೆ ಆಟೋದಲ್ಲಿ ಹೊರಟೆವು. ಬೈಕಿನವರು ಪಕ್ಕದಲ್ಲೇ ಬಂದು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಟೀ ಕುಡಿಯಲು ನಿಲ್ಲಿಸಿದಾಗ ಒಬ್ಬ ಮುದುಕ ಲಾರಿಯ ಹತ್ತಿರ ಬಂದು, "ಎಲ್ಲಿ ಬಿತ್ತು ಸಾರ್ ಇದು? ಜನ ಉಳಿದ್ರಾ?" ಎಂದು ಕೇಳಿದ. ನನ್ನ ಗಂಡ, "ಎಲ್ಲರೂ ಉಳಿದ್ರು" ಅಂದರು.

ಈಗ ಫ್ಲ್ಯಾಟಿನಿಂದ ಆ ಕೋಚಿಂಗ್ ಸೆಂಟರಿಗೆ ನಡೆದೇ ಹೋಗಬಹುದು. ಶನಿವಾರ ಇಬ್ಬರೂ ಹೋಗುತ್ತೇವೆ. ಮೇಡಂ ನನಗೊಂದು ಕುರ್ಚಿ ಹಾಕಿಸಿ, ಫ್ಯಾನು ತಿರುಗಿಸಿ, ಕಾಫಿ ಕೊಡುತ್ತಾರೆ. ಒಳ್ಳೆಯ ಹೆಂಗಸು. ನನ್ನ ಹೊಲಿಗೆಯ ಕವರು ಸವೆದಾಗ ಬೇರೆಯವರಿಗೆ ಕೊಡದೆ ನನ್ನನ್ನೇ ಕೇಳಿ ಹೊಸದು ಹೊಲಿಸಿದರು. ಆದರೂ ಮಕ್ಕಳೆದುರು ಅವರಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡಿ ನಕ್ಕಾಗ ನನ್ನ ಕಾಫಿ ಕಹಿಯಾಗುತ್ತದೆ. ಇವರೂ ಒಮ್ಮೊಮ್ಮೆ ಆಕೆಯ ಕೈಗಳನ್ನೇ ನೋಡುತ್ತ ಮಾತು ಮರೆಯುತ್ತಾರೆ. ಯಾಕೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತು.

ಶನಿವಾರದ ಅಂಗಿಗೆ ಅವರು ತಾವೇ ಇಸ್ತ್ರಿ ಹಾಕಿಕೊಳ್ಳುತ್ತಾರೆ. ಬೇರೆ ದಿನಗಳಲ್ಲಿ ಆ ಕೆಲಸ ನನ್ನದು. ಟೇಬಲ್ಲಿನ ಮೇಲೆ ದುಪ್ಪಟಿ ಹಾಸಿ, ನೀರು ಚಿಮುಕಿಸಿ, ತೋಳನ್ನು ಮಡಿಸಿ ಮಡಿಸಿ ಒತ್ತುವುದನ್ನು ನಾನು ಅಡುಗೆಮನೆಯಿಂದ ನೋಡುತ್ತಿರುತ್ತೇನೆ. ಕಾಲರಿನ ಹಿಂದೆ ಒಂದು ಸುಕ್ಕು ಯಾವಾಗಲೂ ಉಳಿಯುತ್ತದೆ. ನಾನು ಹೇಳುವುದಿಲ್ಲ.